ತಿಂಗಳ ಬಹುಮಾನ ಪ್ರತಿ ಸಲ ಅದೇ ನಾಲ್ಕು ಮಕ್ಕಳಿಗೆ ಹೋಗುತ್ತದೆ, ಉಳಿದವರಿಗೆ ಏನು ಮಾಡಲಿ?

ಮೂರನೇ ಕ್ಲಾಸ್ ಟೀಚರ್

ನಮಸ್ಕಾರ ಎಲ್ಲರಿಗೂ. ಇಲ್ಲಿ ಪ್ರೈಮರಿ ಮಕ್ಕಳಿಗೆ ಪಾಠ ಮಾಡುವವರು ತುಂಬಾ ಜನ ಇದ್ದೀರಿ, ಆ ವಯಸ್ಸಿನ ಮಕ್ಕಳ ಅಪ್ಪ ಅಮ್ಮಂದಿರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಶಾಲೆಯಲ್ಲಿ ತಿಂಗಳ ಕೊನೆಗೆ ಒಂದು ಚಿಕ್ಕ ಕಾರ್ಯಕ್ರಮ ಇರುತ್ತದೆ. ಪ್ರತಿ ಕ್ಲಾಸಿನಿಂದ ಚೆನ್ನಾಗಿ ಮಾಡಿದ ಮಕ್ಕಳನ್ನು ಮುಂದೆ ಕರೆದು ಸರ್ಟಿಫಿಕೇಟ್ ಕೊಡುತ್ತೇವೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮಕ್ಕಳಿಗೆ ಹುರುಪು ಬರಲಿ ಅಂತಲೇ ಶುರುವಾಗಿದ್ದು. ಆದರೆ ನನ್ನ ಕ್ಲಾಸಿನಲ್ಲಿ ಯಾರ ಹೆಸರು ಬರುತ್ತದೆ ಅಂತ ಮಕ್ಕಳಿಗೆ ಮೊದಲೇ ಗೊತ್ತು. ಅದೇ ನಾಲ್ಕು ಜನ. ನಾನು ಹೆಸರು ಕರೆಯುವುದಕ್ಕೆ ಮುಂಚೆಯೇ ಉಳಿದವರೆಲ್ಲ ಆ ನಾಲ್ವರ ಕಡೆ ತಿರುಗಿರುತ್ತಾರೆ.

ಇದನ್ನು ಮೀಟಿಂಗ್‌ನಲ್ಲಿ ಹೇಳಿದೆ. "ಹಾಗಾದರೆ ಸರದಿ ಪ್ರಕಾರ ಎಲ್ಲರಿಗೂ ಕೊಡೋಣ" ಅಂತ ತೀರ್ಮಾನ ಆಯಿತು. ಹೋದ ತಿಂಗಳು ಒಬ್ಬ ಹುಡುಗನಿಗೆ "ಉತ್ತಮ ವಿದ್ಯಾರ್ಥಿ" ಅಂತ ಬಂತು. ಅವನು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮಿಸ್, ನಾನು ಏನು ಮಾಡಿದ್ದಕ್ಕೆ ಇದು?" ಅಂದ. ನಾನು ಬಾಯಿ ಬಿಡುವ ಮೊದಲೇ ಪಕ್ಕದವನು ಹೇಳಿಬಿಟ್ಟ: "ನಿನ್ನ ಸರದಿ ಬಂತಲ್ಲ, ಅದಕ್ಕೆ."

ಇನ್ನೊಬ್ಬನಿದ್ದಾನೆ. 42ರಲ್ಲಿ 17 ಕಳೆ ಅಂದರೆ 35 ಬರೆಯುತ್ತಾನೆ. ತಪ್ಪು ಅಂತ ಗೊತ್ತಾದ ಕೂಡಲೇ ರಬ್ಬರ್ ತೆಗೆದುಕೊಂಡು ಉಜ್ಜಲು ಶುರು ಮಾಡುತ್ತಾನೆ, ಹಾಳೆ ತೂತಾಗುವ ತನಕ ಬಿಡುವುದಿಲ್ಲ. "ನಾನು ದಡ್ಡ ಮಿಸ್, ನನ್ನ ತಲೆಗೆ ಲೆಕ್ಕ ಹತ್ತಲ್ಲ" ಅನ್ನುತ್ತಾನೆ. "ಹಾಗನ್ನಬಾರದು, ನೀನು ಜಾಣ" ಅಂತ ನಾನು ಹೇಳುತ್ತೇನೆ. ಅವನು ತಲೆ ಎತ್ತಿಯೂ ನೋಡುವುದಿಲ್ಲ. ಅವನ ಬೆಂಚಿನ ಮೇಲ್ಗಡೆ ಗೋಡೆಯಲ್ಲೇ "ನಾನು ಮಾಡಬಲ್ಲೆ" ಅಂತ ದೊಡ್ಡ ಅಕ್ಷರದಲ್ಲಿ ಬರೆದಿದೆ.

ಗೆದ್ದವರನ್ನು ಮೆಚ್ಚಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಳಿದವರಿಗೂ "ನನ್ನಿಂದ ಆಗುತ್ತದೆ" ಅನ್ನುವ ಧೈರ್ಯ ಬರಬೇಕು, ಅದು ಸುಳ್ಳು ಹೊಗಳಿಕೆಯೂ ಆಗಬಾರದು. ನೀವೆಲ್ಲ ಏನು ಮಾಡುತ್ತೀರಿ?

ಹಳೇ ಮೇಷ್ಟ್ರು

ಟೀಚರ್, ಆ ಹುಡುಗನ ಪ್ರಶ್ನೆಯನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ. "ಏನು ಮಾಡಿದ್ದಕ್ಕೆ?" ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ನಿಮ್ಮ ಹತ್ತಿರ ಇದ್ದರೆ ಮಾತ್ರ ಬಹುಮಾನ ಕೊಡಿ. ಇಲ್ಲದಿದ್ದರೆ ಆ ತಿಂಗಳು ಆ ಮಗುವಿಗೆ ಬೇಡ, ಉತ್ತರ ಸಿಗುವ ತನಕ ನೀವು ಹುಡುಕಬೇಕು. ಸರದಿ ಪ್ರಕಾರ ಕೊಡುವುದು ಸರಿಯಲ್ಲ ಅಂತ ನನಗೆ ಅನ್ನಿಸುವುದು ಇದಕ್ಕೇ. ಎಲ್ಲರಿಗೂ ಸಿಗುತ್ತದೆ ಅನ್ನುವುದು ತೊಂದರೆ ಅಲ್ಲ. ಯಾರನ್ನೂ ನೋಡದೆ ಕೊಡುವುದು ತೊಂದರೆ. ಎಂಟು ವರ್ಷದ ಮಗುವಿಗೂ ಅದು ಚೆನ್ನಾಗಿ ಗೊತ್ತಾಗುತ್ತದೆ.

ಹುಡುಕುವುದಕ್ಕೆ ಒಂದು ದಾರಿ ಹೇಳುತ್ತೇನೆ, ತುಂಬಾ ಸುಲಭ. ಒಂದು ನೋಟ್‌ಬುಕ್ ಇಡಿ, ಮಗುವಿಗೆ ಒಂದು ಹಾಳೆ. ದಿನಕ್ಕೆ ನಾಲ್ಕೈದು ಮಕ್ಕಳನ್ನು ಮಾತ್ರ ಆರಿಸಿಕೊಂಡು ಅವರು ಏನು ಮಾಡಿದರು ಅಂತ ಒಂದು ಸಾಲು ಬರೆಯಿರಿ. ಗುಣ ಬರೆಯಬೇಡಿ, ಕೆಲಸ ಬರೆಯಿರಿ. "ಒಳ್ಳೆಯ ಹುಡುಗಿ" ಅಂತಲ್ಲ, "ಪೆನ್ಸಿಲ್ ಮುರಿದು ಅಳುತ್ತಿದ್ದ ಪಕ್ಕದವಳಿಗೆ ಕೇಳದೇ ತನ್ನದನ್ನು ಕೊಟ್ಟಳು" ಅಂತ. "ಓದಿನಲ್ಲಿ ಸುಧಾರಣೆ" ಅಂತಲ್ಲ, "ಗೊತ್ತಿಲ್ಲದ ಪದ ಬಂದಾಗ ಹಾರಿಸದೆ ಮೂರು ಸಲ ಓದಿ ನೋಡಿದ" ಅಂತ.

ಎರಡು ವಾರ ಕಳೆದ ಮೇಲೆ ನೋಟ್‌ಬುಕ್ ತಿರುವಿ ಹಾಕಿ. ಕೆಲವು ಹಾಳೆ ಖಾಲಿ ಇರುತ್ತದೆ. ತಂಟೆ ಮಾಡುವವರದ್ದಲ್ಲ, ಅವರು ಹೇಗೂ ಕಣ್ಣಿಗೆ ಬೀಳುತ್ತಾರೆ. ಜಾಣರದ್ದೂ ಅಲ್ಲ. ನಡುವಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂತು, ಹೇಳಿದ್ದನ್ನು ಬರೆದು, ಬೆಲ್ ಹೊಡೆದ ಕೂಡಲೇ ಎದ್ದು ಹೋಗುವ ಮಕ್ಕಳದ್ದು. ಮುಂದಿನ ವಾರ ಮೊದಲು ಅವರನ್ನು ನೋಡಿ.

ಇನ್ನೊಂದು ಮಾತು. ಈ ವಯಸ್ಸಿಗೆ ತಿಂಗಳ ಕೊನೆ ಅಂದರೆ ಬಹಳ ದೂರ. ಮಗು ಮಾಡಿದ್ದನ್ನು ಅಲ್ಲೇ, ಆಗಲೇ, ಬೆಂಚಿನ ಪಕ್ಕ ಬಗ್ಗಿ ಮೆಲ್ಲಗೆ ಹೇಳಿ. ಕಾರ್ಯಕ್ರಮದಲ್ಲಿ ಓದುವುದು ಎರಡನೇ ಸಲ. ಎಲ್ಲರ ಮುಂದೆ ನಿಲ್ಲುವುದಕ್ಕೆ ನಾಚುವ ಮಕ್ಕಳೂ ಇರುತ್ತಾರೆ, ಅವರನ್ನು ಮೊದಲೇ ಕೇಳಿ. ಬೇಡ ಅಂದರೆ ಬೇಡ.

ನಿಮ್ಮ ರಬ್ಬರ್ ಹುಡುಗನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅವನ 35 ನೋಡಿ. 2ರಲ್ಲಿ 7 ಹೋಗುವುದಿಲ್ಲ ಅಂತ 7ರಲ್ಲಿ 2 ಕಳೆದಿದ್ದಾನೆ, ಐದು. 4ರಲ್ಲಿ 1, ಮೂರು. ಕಳೆಯುವುದು ಅವನಿಗೆ ಬರುತ್ತದೆ! ಹತ್ತನ್ನು ಬಿಡಿಸಿಕೊಳ್ಳಬೇಕು ಅನ್ನುವುದು ಒಂದೇ ಬಾಕಿ. ಅವನ ಕೈಗೆ ಹತ್ತು ಹತ್ತು ಕಡ್ಡಿಯ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಕೊಡಿ. "ಇದರಲ್ಲಿ ನನಗೆ ಹದಿನೇಳು ಕೊಡಪ್ಪ" ಅಂತ ಕೈ ಚಾಚಿ ಸುಮ್ನೆ ಕೂತುಬಿಡಿ. ಒಂದು ಕಟ್ಟು ಕೊಡುತ್ತಾನೆ, ಎರಡು ಬಿಡಿ ಕಡ್ಡಿ ಕೊಡುತ್ತಾನೆ, ಆಮೇಲೆ ಕೈಯಲ್ಲಿರುವ ಕಟ್ಟುಗಳನ್ನೇ ನೋಡುತ್ತಾನೆ. ಸಾಮಾನ್ಯವಾಗಿ ತಾನೇ ಇನ್ನೊಂದು ಕಟ್ಟಿನ ರಬ್ಬರ್‌ಬ್ಯಾಂಡ್ ತೆಗೆಯುತ್ತಾನೆ. ಆಗ ಹೇಳಿ, "ಕಟ್ಟು ಬಿಚ್ಚಬೇಕು ಅಂತ ನೀನೇ ಕಂಡುಹಿಡಿದೆ." ಉಳಿದ ಕಡ್ಡಿಗಳನ್ನು ಅವನೇ ಎಣಿಸಲಿ, ಇಪ್ಪತ್ತೈದು ಬರುತ್ತದೆ. "ನೀನು ಜಾಣ" ಅನ್ನುವ ಮಾತು ಅವನ ಕಿವಿಗೆ ಬೀಳುವುದಿಲ್ಲ, ಯಾಕೆಂದರೆ ಅವನ ನೋಟ್‌ಬುಕ್ ಬೇರೆಯದೇ ಹೇಳುತ್ತಿದೆ. ಮೊದಲು ಲೆಕ್ಕ ಬರಬೇಕು, ಧೈರ್ಯ ಅದರ ಹಿಂದೆ ಬರುತ್ತದೆ. ಎಷ್ಟೋ ಮಕ್ಕಳಿಗೆ ಹುರಿದುಂಬಿಸುವ ಮಾತಿಗಿಂತ ಹತ್ತು ನಿಮಿಷ ಪಕ್ಕದಲ್ಲಿ ಕೂತು ಹೇಳಿಕೊಡುವವರು ಬೇಕಾಗಿರುತ್ತಾರೆ.

ಮತ್ತೆ, ಲೆಕ್ಕದ ಪಿರಿಯಡ್‌ನಲ್ಲಿ ಇಡೀ ಕ್ಲಾಸಿಗೆ ರಬ್ಬರ್ ನಿಲ್ಲಿಸಿ. ತಪ್ಪಾದರೆ ಒಂದು ಗೆರೆ ಎಳೆದು ಕೆಳಗೆ ಬರೆಯಲಿ. ತಪ್ಪೂ ಸರಿಯೂ ಎರಡೂ ಹಾಳೆಯ ಮೇಲೆ ಉಳಿಯಬೇಕು.

ಮಕ್ಕಳ ಮನಶ್ಶಾಸ್ತ್ರ ವಿದ್ಯಾರ್ಥಿ

ಮೇಷ್ಟ್ರ ಮಾತಿಗೆ ಪೂರಕವಾಗಿ ಸ್ವಲ್ಪ ಸಂಶೋಧನೆಯ ವಿಷಯ ಸೇರಿಸುತ್ತೇನೆ.

ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು ಐದನೇ ಕ್ಲಾಸಿನ ಮಕ್ಕಳ ಮೇಲೆ ಮಾಡಿದ್ದು. ಮೊದಲು ಮಕ್ಕಳ ಕೈಗೆಟುಕುವ ಒಗಟುಗಳನ್ನು ಕೊಟ್ಟರು, ಎಲ್ಲರನ್ನೂ ಹೊಗಳಿದರು. ಕೆಲವರಿಗೆ "ನೀನು ಜಾಣ" ಅಂತ, ಕೆಲವರಿಗೆ "ನೀನು ಕಷ್ಟಪಟ್ಟು ಮಾಡಿದ್ದೀಯ" ಅಂತ. ಆಮೇಲೆ ಬಹಳ ಕಷ್ಟದ್ದು ಕೊಟ್ಟರು, ಎಲ್ಲರೂ ಎಡವಿದರು. ಮೂರನೇ ಸಲ ಮತ್ತೆ ಮೊದಲಿನಷ್ಟೇ ಕಷ್ಟದ ಒಗಟು. ಜಾಣ ಅನ್ನಿಸಿಕೊಂಡವರು ಮೊದಲ ಸಲಕ್ಕಿಂತ ಕಡಿಮೆ ಮಾಡಿದರು, ಶ್ರಮಕ್ಕೆ ಹೊಗಳಿಸಿಕೊಂಡವರು ಜಾಸ್ತಿ ಮಾಡಿದರು. ನನಗೆ ಮನಸ್ಸಿಗೆ ತಟ್ಟಿದ್ದು ಇನ್ನೊಂದು. ಬೇರೆ ಶಾಲೆಯ ಮಕ್ಕಳಿಗೆ ನಿಮ್ಮ ಅಂಕ ಬರೆದು ತಿಳಿಸಿ ಅಂದಾಗ, ಜಾಣ ಅನ್ನಿಸಿಕೊಂಡವರಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಮಕ್ಕಳು ಇದ್ದಿದ್ದಕ್ಕಿಂತ ಜಾಸ್ತಿ ಬರೆದರು. ಒಂದೇ ಒಂದು ಮಾತಿನ ಹೊಗಳಿಕೆಯನ್ನು ಉಳಿಸಿಕೊಳ್ಳುವುದಕ್ಕೆ ಮಕ್ಕಳು ಸುಳ್ಳು ಬರೆಯುವಷ್ಟು ಹೆದರಿದ್ದರು.

ಬಹುಮಾನದ ಬಗ್ಗೆ 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಮಾಡಿದ ಪ್ರಯೋಗ ಇದೆ. ನರ್ಸರಿ ಮಕ್ಕಳು, ಚಿತ್ರ ಬಿಡಿಸುವುದು ಅಂದರೆ ಪ್ರಾಣ. ಕೆಲವರಿಗೆ "ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ" ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ, ಬಿಡಿಸಿದ ಮೇಲೆ ಕೊಟ್ಟರು. ಕೆಲವರಿಗೆ ಏನೂ ಇಲ್ಲ. ಆಮೇಲೆ ಆಟದ ಸಮಯದಲ್ಲಿ ನೋಡಿದರೆ, ಬಹುಮಾನದ ಆಸೆಗೆ ಬಿಡಿಸಿದವರು ಉಳಿದವರಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರದ ಹತ್ತಿರ ಕೂತರು. ಹೇಳದೆ ಕೊಟ್ಟ ಬಹುಮಾನದಿಂದ ಹಾಗೇನೂ ಆಗಲಿಲ್ಲ. ಅಂದರೆ ಟೀಚರ್, "ಇದನ್ನು ಮಾಡಿದರೆ ಸರ್ಟಿಫಿಕೇಟ್" ಅಂತ ಆಸೆ ತೋರಿಸುವುದಕ್ಕಿಂತ, ಮಾಡಿದ್ದನ್ನು ಕಂಡು ಆಮೇಲೆ ಮೆಚ್ಚುವುದು ಒಳ್ಳೆಯದು, ಮಕ್ಕಳು ಇಷ್ಟಪಟ್ಟು ಮಾಡುವ ಕೆಲಸದಲ್ಲಂತೂ.

ಅತಿ ಹೊಗಳಿಕೆಯ ಬಗ್ಗೆಯೂ ಹುಷಾರು. 2014ರಲ್ಲಿ ಬ್ರಮ್ಮೆಲ್‌ಮನ್ ಮತ್ತು ಸಂಗಡಿಗರು ತೋರಿಸಿದ ಪ್ರಕಾರ, ತನ್ನ ಬಗ್ಗೆ ಮೊದಲೇ ಕೀಳಾಗಿ ಅಂದುಕೊಂಡಿರುವ ಮಗುವಿಗೆ "ಅದ್ಭುತ ಚಿತ್ರ!" ಅಂದರೆ ಮುಂದಿನ ಸಲ ಅದು ಸುಲಭದ್ದನ್ನೇ ಆರಿಸಿಕೊಳ್ಳುತ್ತದೆ. ಬೇಸರದ ಸಂಗತಿ ಅಂದರೆ ಅಂಥ ಮಕ್ಕಳಿಗೇ ದೊಡ್ಡವರು ಜಾಸ್ತಿ ಉಬ್ಬಿಸಿ ಹೇಳುತ್ತಾರೆ. ಮನಸ್ಸು ಒಳ್ಳೆಯದೇ, ಆದರೆ "ಮುಂದಿನ ಸಲ ಅದ್ಭುತ ಆಗದಿದ್ದರೆ?" ಅನ್ನುವ ಹೆದರಿಕೆ ಮಗುವಿಗೆ ಉಳಿಯುತ್ತದೆ.

ಆದರೆ ಇದನ್ನೆಲ್ಲ ಮಂತ್ರ ಅಂತ ತೆಗೆದುಕೊಳ್ಳಬೇಡಿ. 2019ರಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೇ ಕ್ಲಾಸಿನ ಮಕ್ಕಳ ಅಧ್ಯಯನ ಪ್ರಕಟವಾಯಿತು. ಬುದ್ಧಿ ಬೆಳೆಯುವಂಥದ್ದು ಅಂತ ಒಂದು ಗಂಟೆಗೂ ಕಡಿಮೆ ಸಮಯದ ಆನ್‌ಲೈನ್ ಪಾಠ ಕೊಟ್ಟಾಗ, ಓದಿನಲ್ಲಿ ಹಿಂದಿದ್ದ ಮಕ್ಕಳ ಸರಾಸರಿ ಅಂಕ ಏರಿದ್ದು ಸುಮಾರು ನಾಲ್ಕರ ಮಾನದಂಡದಲ್ಲಿ 0.1ರಷ್ಟು. ಅಷ್ಟು ಕಡಿಮೆ ಸಮಯಕ್ಕೆ ಅದು ಒಳ್ಳೆಯದೇ, ಆದರೆ ಪವಾಡ ಅಲ್ಲ. ಗೋಡೆ ಬರಹದಿಂದ ಅಷ್ಟೂ ನಿರೀಕ್ಷೆ ಮಾಡಬೇಡಿ.

ಇಬ್ಬರು ಮಕ್ಕಳ ಅಮ್ಮ

ನಾನು ಟೀಚರ್ ಅಲ್ಲ, ಮನೆ ಕಡೆಯಿಂದ ಹೇಳುತ್ತೇನೆ.

ದಯವಿಟ್ಟು ಗೋಡೆಗೆ ಹೆಸರು, ಸ್ಟಾರ್ ಇರುವ ಚಾರ್ಟ್ ಹಾಕಬೇಡಿ. ನನ್ನ ಚಿಕ್ಕ ಮಗಳ ಕ್ಲಾಸಿನಲ್ಲಿ ಅಂಥದ್ದೊಂದು ಇತ್ತು. ಅವಳು ಮನೆಗೆ ಬಂದು ತನ್ನ ಸ್ಟಾರ್ ಎಣಿಸುತ್ತಿರಲಿಲ್ಲ, ಚಾರ್ಟ್‌ನಲ್ಲಿ ತನ್ನ ಹೆಸರಿನ ಮುಂದಿನ ಖಾಲಿ ಚೌಕಗಳನ್ನು ಎಣಿಸುತ್ತಿದ್ದಳು. ಯಾರಿಗೆ ಎಷ್ಟು ಅಂತ ಕೇಳಿದರೆ ಇಡೀ ಕ್ಲಾಸಿನ ಲೆಕ್ಕ ಬಾಯಿಪಾಠ. ಮೇಲಿನ ಮಕ್ಕಳಿಗೆ ಅದು ಬೇಕಾಗಿಯೇ ಇಲ್ಲ, ಕೆಳಗಿನವರಿಗೆ ದಿನವಿಡೀ ಕಣ್ಣೆದುರಿಗೇ ಇರುತ್ತದೆ, ಊಟ ಮಾಡುವಾಗಲೂ.

ಒಳ್ಳೆಯ ಅನುಭವವನ್ನೂ ಹೇಳಬೇಕು. ಮುಂದಿನ ವರ್ಷ ಬಂದ ಟೀಚರ್ ಒಂದು ದಿನ ಫೋನ್ ಮಾಡಿದರು. ಶಾಲೆಯ ಫೋನ್ ಅಂದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಅವರು ಹೇಳಿದ್ದು ಇಷ್ಟೇ: "ನಿಮ್ಮ ಮಗಳು ಇವತ್ತು ಒಂದು ಪ್ಯಾರಾ ಪೂರ್ತಿ ಗಟ್ಟಿಯಾಗಿ ಓದಿದಳು. ಒತ್ತಕ್ಷರ ಬಂದ ಕಡೆಯೆಲ್ಲ ನಿಂತಳು, ಬೆರಳಿಟ್ಟುಕೊಂಡು ಮತ್ತೆ ಓದಿದಳು, ಬಿಡಲಿಲ್ಲ. ನಿಮಗೆ ಹೇಳೋಣ ಅನ್ನಿಸಿತು." ರಾತ್ರಿ ಅವಳ ಅಪ್ಪನ ಮುಂದೆ ಅದನ್ನೇ ಹೇಳಿದೆ. ಅವಳು ತಟ್ಟೆಯಿಂದ ತಲೆ ಎತ್ತಿ, "ಬೆರಳಿಟ್ಟುಕೊಂಡಿದ್ದನ್ನೂ ಮಿಸ್ ನೋಡಿದ್ರಾ?" ಅಂತ ಕೇಳಿದಳು. ಮಾರನೇ ದಿನದಿಂದ ಸುಮ್ನೆ ಕೂತಿದ್ದಾಗಲೂ ಕೈಗೆ ಸಿಕ್ಕಿದ್ದನ್ನೆಲ್ಲ ಓದುವುದು, ಡಬ್ಬಿ ಮೇಲಿನ ಅಕ್ಷರವನ್ನೂ ಬಿಡುತ್ತಿರಲಿಲ್ಲ.

ಹಾಗಾಗಿ ನನ್ನ ಕೋರಿಕೆ ಒಂದೇ. ಮಗು ಏನು ಮಾಡಿತು ಅಂತ ನಮಗೂ ತಿಳಿಸಿ. ಫೋನ್ ಆಗದಿದ್ದರೆ ಡೈರಿಯಲ್ಲಿ ಒಂದು ಸಾಲು ಸಾಕು. ಮನೆಯಲ್ಲಿ ನಾವು ಕೇಳುವುದು "ಎಷ್ಟು ಮಾರ್ಕ್ಸ್?" ಅಂತ ಮಾತ್ರ, ಯಾಕೆಂದರೆ ಬೇರೆ ಏನೂ ನಮಗೆ ಗೊತ್ತಿರುವುದಿಲ್ಲ.

ಆಟದ ಮೇಷ್ಟ್ರು

ಎಲ್ಲರ ಮಾತೂ ಸರಿ, ಆದರೆ ಒಂದು ಕಡೆ ನನ್ನ ತಕರಾರಿದೆ. ಗೆದ್ದವರನ್ನು ಮರೆಮಾಡಬೇಡಿ. ಓಟದಲ್ಲಿ ಮೊದಲು ಬಂದವಳು ಮೊದಲು ಬಂದಳು, ಅವಳಿಗೆ ಜೋರು ಚಪ್ಪಾಳೆ ಸಿಗಲೇಬೇಕು. ಆ ನಾಲ್ಕು ಮಕ್ಕಳೂ ಸುಮ್ನೆ ಗೆಲ್ಲುತ್ತಿಲ್ಲ, ಅವರೂ ಕೂತು ಓದಿದ್ದಾರೆ. ಎಲ್ಲರಿಗೂ ಒಂದೇ ಪದಕ ಅಂದರೆ ಅವರ ಕಷ್ಟಕ್ಕೆ ಬೆಲೆ ಇಲ್ಲದಂತಾಗುತ್ತದೆ. ಸೋತಾಗ ಗೆದ್ದವರ ಕೈ ಕುಲುಕುವುದನ್ನೂ ಇದೇ ವಯಸ್ಸಿನಲ್ಲಿ ಕಲಿಯಬೇಕು, ಆಮೇಲೆ ಕಷ್ಟ.

ನಾನು ಎರಡನ್ನೂ ಬೇರೆ ಬೇರೆ ಇಡುತ್ತೇನೆ. ಪಂದ್ಯದ ದಿನ ಪಂದ್ಯ, ಗೆದ್ದವರಿಗೆ ಬಹುಮಾನ. ಉಳಿದ ದಿನ ಪ್ರತಿ ಮಗುವಿಗೂ ತನ್ನದೇ ಗೆರೆ. ನಿಂತಲ್ಲಿಂದ ಜಿಗಿಸುತ್ತೇನೆ, ಬಿದ್ದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೆಸರಿನ ಮೊದಲ ಅಕ್ಷರ ಬರೆಯುತ್ತೇನೆ, ಟೇಪ್ ಹಿಡಿದು ಅಳತೆ ಬರೆದಿಟ್ಟುಕೊಳ್ಳುತ್ತೇನೆ. ಮುಂದಿನ ವಾರ ಅದೇ ಅಳತೆಗೆ ಗೆರೆ ಎಳೆದು "ಇದನ್ನು ದಾಟು" ಅನ್ನುತ್ತೇನೆ. ಕ್ಲಾಸಿನಲ್ಲೇ ಕಡಿಮೆ ಜಿಗಿಯುವ ಹುಡುಗ ತನ್ನ ಗೆರೆಯನ್ನು ನಾಲ್ಕು ಬೆರಳು ದಾಟಿದಾಗ ಕೂಗುವ ಕೂಗು ಕೇಳಬೇಕು ನೀವು. ಹಾಗೆ ಕೂಗುವಾಗ ಪಕ್ಕದವನ ಗೆರೆ ಎಲ್ಲಿದೆ ಅಂತ ಅವನು ನೋಡುವುದೇ ಇಲ್ಲ. ಓದು, ಬರಹ, ಮಗ್ಗಿ, ಎಲ್ಲದಕ್ಕೂ ಇಂಥ ಗೆರೆ ಎಳೆಯಬಹುದು ಅಲ್ವಾ?

ಮೂರನೇ ಕ್ಲಾಸ್ ಟೀಚರ್

ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ತುಂಬಾ ಧನ್ಯವಾದ. ಅಮ್ಮ ಹೇಳಿದ ಸ್ಟಾರ್ ಚಾರ್ಟ್ ಓದಿ ನಮ್ಮ ಪಕ್ಕದ ಕ್ಲಾಸಿನ ಗೋಡೆ ನೆನಪಾಯಿತು, ಅವರ ಹತ್ತಿರವೂ ಮಾತಾಡುತ್ತೇನೆ.

ಕಡ್ಡಿ ಕಟ್ಟು ಇವತ್ತೇ ಮಾಡಿ ನೋಡಿದೆ. ಮೇಷ್ಟ್ರು ಹೇಳಿದ ಹಾಗೇ, ಬಿಡಿ ಕಡ್ಡಿ ಖಾಲಿಯಾದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ "ಬಿಚ್ಚಬಹುದಾ ಮಿಸ್?" ಅಂತ ಕೇಳಿದ. ಒಪ್ಪಿಗೆ ಕೇಳಿದ್ದು ನೋಡಿ ಸ್ವಲ್ಪ ಸಂಕಟವೂ ಆಯಿತು. ಪೇಪರಿನ ಮೇಲೆ ಇನ್ನೂ ಬಂದಿಲ್ಲ, ನಾಳೆ ಮತ್ತೆ ಕೂರುತ್ತೇವೆ.

ಈಗ ಇನ್ನೊಂದು ಪ್ರಶ್ನೆ. ಆ ನಾಲ್ವರಲ್ಲಿ ಒಬ್ಬಳು ಹತ್ತಕ್ಕೆ ಒಂಬತ್ತು ಬಂದರೆ ಅಳುತ್ತಾಳೆ. ಯಾವ ಲೆಕ್ಕ ಬೇಕಾದರೂ ಆರಿಸಿಕೋ ಅಂದರೆ ಗೊತ್ತಿರುವುದನ್ನೇ ಆರಿಸಿಕೊಳ್ಳುತ್ತಾಳೆ. ಎಲ್ಲರೂ ಅವಳನ್ನು ಮೆಚ್ಚುತ್ತಾರೆ, ಆದರೂ ಅವಳಿಗೇ ಧೈರ್ಯ ಇಲ್ಲ. ಇವಳಿಗೇನು ಮಾಡಲಿ?

ಹಳೇ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದಿರಿ, ಇಂಥ ಮಕ್ಕಳ ಕಡೆ ಯಾರೂ ನೋಡುವುದಿಲ್ಲ. ಮನಶ್ಶಾಸ್ತ್ರದವರು ಹೇಳಿದ ಒಗಟಿನ ಪ್ರಯೋಗದ ಮಗು ಇವಳೇ. ಸರಿ ಉತ್ತರ ಬಂದಾಗ ಮಾತ್ರ ಮೆಚ್ಚುಗೆ ಸಿಕ್ಕಿದೆ, ಹಾಗಾಗಿ ಒಂದು ಮಾರ್ಕ್ ಹೋದರೂ ಮೆಚ್ಚುಗೆಯೇ ಹೋಯಿತು ಅಂತ ಅವಳ ಲೆಕ್ಕ.

ದಿನಕ್ಕೆ ಒಂದಾದರೂ ಅವಳಿಗೆ ತಕ್ಷಣ ಬರದ ಲೆಕ್ಕ ಕೊಡಿ. ಉದಾಹರಣೆಗೆ, ಕಳೆದರೆ 25 ಬರುವ ಎರಡಂಕಿಯ ಜೋಡಿಗಳನ್ನು ಎಷ್ಟು ಸಿಗುತ್ತದೋ ಅಷ್ಟು ಹುಡುಕು ಅನ್ನಿ. ಅದಕ್ಕೆ ಮಾರ್ಕ್ಸ್ ಹಾಕಬೇಡಿ. ಯಾವ ದಾರಿ ಹಿಡಿದಳು, ಎಲ್ಲಿ ಬಿಟ್ಟಳು, ಮತ್ತೆ ಹೇಗೆ ಹಿಡಿದಳು ಅಂತ ಅವಳನ್ನೇ ಕೇಳಿ, ಅದನ್ನೇ ನೋಟ್‌ಬುಕ್‌ನಲ್ಲಿ ಬರೆಯಿರಿ. ಸುಲಭದ್ದನ್ನು ಬೇಗ ಮುಗಿಸಿ ತಂದರೆ ಹೊಗಳಬೇಡಿ. "ಇದು ನಿನಗೆ ಮೊದಲೇ ಬರುತ್ತಿತ್ತು, ಬಾ, ಬರದೇ ಇರುವುದು ನೋಡೋಣ" ಅಂತ ನಗುನಗುತ್ತಾ ಹೇಳಿ. ಅಳು ಬಂದರೆ ಅಳಲಿ. ಪಾಸಿಟಿವ್ ಆಗಿರು, ಅಳಬಾರದು ಅಂತ ಮಾತ್ರ ಹೇಳಬೇಡಿ. ಮಗುವಿಗೆ ಬೇಜಾರಾಗುವುದು ಸಹಜ, ಅಳು ನಿಂತ ಮೇಲೆ ಮತ್ತೆ ಲೆಕ್ಕಕ್ಕೆ ಬಂದಳಾ ಅಂತ ನೋಡಿ. ಬಂದರೆ ಆ ತಿಂಗಳ ಸರ್ಟಿಫಿಕೇಟ್‌ನಲ್ಲಿ ಬರೆಯಬೇಕಾದ್ದು ಅದೇ.

ಮೂರನೇ ಕ್ಲಾಸ್ ಟೀಚರ್

ಸರಿ ಸರ್. ಹೆಡ್‌ಮಿಸ್ ಜೊತೆ ಮಾತಾಡಿದೆ, ಒಪ್ಪಿದರು. ಪ್ರಿಂಟ್ ಆಗಿರುವ "ಉತ್ತಮ ವಿದ್ಯಾರ್ಥಿ" ಅನ್ನುವ ಸಾಲು ತೆಗೆದು ಅಲ್ಲಿ ಎರಡು ಖಾಲಿ ಗೆರೆ ಇಡೋಣ ಅಂದುಕೊಂಡಿದ್ದೇವೆ. ಪರೀಕ್ಷೆ, ಪಂದ್ಯದಲ್ಲಿ ಗೆದ್ದವರಿಗೆ ಬಹುಮಾನ ಬೇರೆ ದಿನ, ಆಟದ ಮೇಷ್ಟ್ರು ಹೇಳಿದ ಹಾಗೆ. ಸ್ಯಾಂಪಲ್ ಯಾರ ಹತ್ತಿರವಾದರೂ ಇದೆಯಾ?

ಹಳೇ ಮೇಷ್ಟ್ರು

ಸ್ಯಾಂಪಲ್ ಬೇಡ, ಇದ್ದರೆ ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ. ಎರಡು ಗೆರೆ ಸಾಲುವುದಿಲ್ಲ, ಮೂರು ಇಡಿ, ತಾರೀಕಿಗೆ ಜಾಗ ಬಿಡಿ. ಕೈಯಲ್ಲೇ ಬರೆಯಿರಿ, ಮಗು ತಾನೇ ಓದಿಕೊಳ್ಳುವಷ್ಟು ದೊಡ್ಡ ಅಕ್ಷರದಲ್ಲಿ. ಒಂದನೇ ಕ್ಲಾಸಿನವರಿಗೆ ಕೊಡುವಾಗ ನೀವೇ ಓದಿ ಹೇಳಿ.